ಬೆಳ್ಳಿ ತೀರಿಸಿದ ಸಾಲ

1

'ಚೋಮನ ದುಡಿ'ಯನ್ನು ನಾನು ಮೊದಲು ಓದಿದ್ದು ಒಂಬತ್ತನೇ ಕ್ಲಾಸಿನಲ್ಲಿ. ಓದಿದ್ದು ಅನ್ನುವುದಕ್ಕಿಂತ ನನ್ನಿಂದ ಓದಿಸಿದ್ದು ಅನ್ನುವುದೇ ಸರಿ. ದಸರಾ ರಜಕ್ಕೆ ಮುಂಚೆ ಕನ್ನಡದ ಮೇಷ್ಟ್ರು ಬೀರುವಿನಲ್ಲಿದ್ದ ಪುಸ್ತಕಗಳನ್ನು ತೆಗೆದು ಒಬ್ಬೊಬ್ಬರಿಗೆ ಒಂದೊಂದು ಹಂಚಿದರು. ಮಿಕ್ಕವರಿಗೆ ಕೈಗೆ ಸಿಕ್ಕಿದ್ದನ್ನು ಕೊಟ್ಟರು. ನನ್ನ ಸರದಿ ಬಂದಾಗ ಮಾತ್ರ ಸ್ವಲ್ಪ ಹುಡುಕಿ, ಕಾರಂತರ ಈ ಕಾದಂಬರಿಯನ್ನು ಈಚೆ ತೆಗೆದು, "ತಗೋ, ನಿಮ್ಮ ಕಡೆಯೋರ ಕಥೆ. ನಿಂಗಾದ್ರೆ ಚೆನ್ನಾಗಿ ಅರ್ಥ ಆಗುತ್ತೆ" ಅಂದರು. ಅವರು ಕೆಟ್ಟವರಲ್ಲ. ನಮ್ಮ ಕೇರಿಯ ಮಕ್ಕಳು ಓದಿ ಮುಂದೆ ಬರಬೇಕು ಅಂತ ಪ್ರಾಮಾಣಿಕವಾಗಿ ಬಯಸುತ್ತಿದ್ದವರು. ಆದರೆ 'ನಿಮ್ಮ ಕಡೆಯೋರು' ಎಂಬ ಆ ಎರಡು ಪದಕ್ಕೆ ಇಡೀ ಕ್ಲಾಸು ತಿರುಗಿ ನನ್ನ ಕಡೆ ನೋಡಿತು.

ರಜದ ಕೆಲಸ ಏನೆಂದರೆ, ಕಥೆಯ ಸಾರಾಂಶ ಬರೆಯಬೇಕು; ಎರಡು ಪಾತ್ರಗಳ ಚಿತ್ರಣ ಕೊಡಬೇಕು; ಮತ್ತು ಮೇಷ್ಟ್ರು ಬೋರ್ಡಿನ ಮೇಲೆ ಬರೆದುಕೊಟ್ಟ ಪ್ರಶ್ನೆಗಳಿಗೆ ಉತ್ತರಿಸಬೇಕು. ಅದರಲ್ಲಿ ಒಂದು ಪ್ರಶ್ನೆ ಈಗಲೂ ಬಾಯಿಗೆ ಬರುತ್ತದೆ: 'ಬೆಳ್ಳಿ ದಾರಿ ತಪ್ಪಲು ಕಾರಣಗಳೇನು?' ರಜ ಮುಗಿದ ಮೇಲೆ ಆ ಉತ್ತರವನ್ನು ನಿಂತು ಜೋರಾಗಿ ಓದು ಅಂದರು. ಓದಿದೆ. ಬಡತನ, ಅಜ್ಞಾನ, ತಾಯಿಯಿಲ್ಲದ ಮನೆ, ಮನ್ವೇಲನ ಮರುಳುಮಾತು ಎಂದು ನಾಲ್ಕು ಕಾರಣ ಬರೆದಿದ್ದೆ. ಹತ್ತಕ್ಕೆ ಎಂಟು ಅಂಕ ಬಂತು. ಜೊತೆಗೆ ಒಂದು ಹೆಸರೂ ಬಂತು. ಹೈಸ್ಕೂಲು ಮುಗಿಯುವ ತನಕ ಹಿಂದಿನ ಬೆಂಚಿನ ಹುಡುಗರಿಗೆ ನಾನು 'ಬೆಳ್ಳಿ'. ಸೈಕಲ್ಲಿನಲ್ಲಿ ಹೋಗುವಾಗ "ಏನ್ ಬೆಳ್ಳಿ, ತೋಟಕ್ಕಾ?" ಅನ್ನೋರು.

ಅಲ್ಲಿಗೆ ಆ ಕಾದಂಬರಿ ನನ್ನ ಪಾಲಿಗೆ ಮುಗಿಯಿತು. ಎಂ.ಎ.ಯಲ್ಲಿ ಅದರ ಮೇಲೆ ಪ್ರಶ್ನೆ ಬಂದಾಗಲೂ ಪುಸ್ತಕ ತೆರೆಯಲಿಲ್ಲ. ನೋಟ್ಸಿನಲ್ಲಿದ್ದ 'ದುರಂತ ನಾಯಕ', 'ಮಾನವೀಯ ಅನುಕಂಪ', 'ದುಡಿ ಎಂಬ ಪ್ರತಿಮೆ' ಇತ್ಯಾದಿಗಳನ್ನು ಜೋಡಿಸಿ ಬರೆದು ಬಂದೆ. ಹೋದ ವರ್ಷ, ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ, ಬಿ.ಎ. ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿ ಬಂತು. ಹದಿನೈದು ವರ್ಷದ ಮೇಲೆ ಮತ್ತೆ ಅದೇ ಪುಸ್ತಕ ಹಿಡಿದು ಕೂತೆ. ಈ ಬರಹ ಆ ಮರುಓದಿನ ವರದಿ. ನನ್ನ ಹಳೆಯ ಸಿಟ್ಟು ಪೂರ್ತಿ ತಪ್ಪಾಗಿತ್ತು ಅಂತ ಇಲ್ಲಿ ಹೇಳುತ್ತಿಲ್ಲ. ಸಿಟ್ಟು ಸರಿಯಾಗಿಯೇ ಇತ್ತು, ಆದರೆ ಅದು ಹೋಗಿ ತಗುಲಬೇಕಾದ ಜಾಗ ಬೇರೆ ಇತ್ತು ಅನ್ನುವುದಷ್ಟೇ ನನ್ನ ಮಾತು.

2

ಈ ಓದಿನ ಬಗ್ಗೆ ಸಂಘಟನೆಯ ಗೆಳೆಯರೊಬ್ಬರ ಹತ್ತಿರ ಹೇಳಿದಾಗ ಅವರು ನಕ್ಕು, "ಅದ್ರಲ್ಲಿ ಇನ್ನೇನೈತೆ ಹುಡ್ಕೋಕೆ? ಬ್ರಾಹ್ಮಣ ಬರ್ದಿರೋ ಹೊಲೇರ ಕಥೆ. ಬೂಸಾ ಅನ್ನು, ಮುಂದಕ್ ನಡಿ" ಅಂದರು. ಆ ಮಾತಿನ ಹಿಂದೆ ಒಂದು ಚರಿತ್ರೆಯೇ ಇದೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದು, ಅದಕ್ಕೆ ನಾಡೆಲ್ಲ ಗಲಾಟೆ ಎದ್ದದ್ದು, ಅವರು ಮಂತ್ರಿ ಪದವಿ ಕಳೆದುಕೊಂಡದ್ದು, ಆ ಗಲಾಟೆಯಲ್ಲಿ ಹೊಡೆಸಿಕೊಂಡ ಹುಡುಗರು ಒಟ್ಟುಗೂಡಿ ಒಂದು ಚಳವಳಿಗೆ ದಾರಿಯಾದದ್ದು, ಇವೆಲ್ಲ ಈ ಪತ್ರಿಕೆಯ ಓದುಗರಿಗೆ ಗೊತ್ತಿರುವ ಸಂಗತಿಗಳೇ. ಆ ಮಾತು ಅಂದು ಹೇಳಲೇಬೇಕಾಗಿದ್ದ ಮಾತು. ಆದರೆ ಬೂಸಾ ಎಂದು ತಳ್ಳಿದ ಮೇಲೂ ಆ ಪುಸ್ತಕಗಳು ಶಾಲೆಯ ಬೀರುಗಳಲ್ಲೇ ಇವೆ. ನಮ್ಮ ಮಕ್ಕಳ ಕೈಗೇ ಬರುತ್ತವೆ. 'ನಿಮ್ಮ ಕಡೆಯೋರ ಕಥೆ' ಎಂದೇ ಬರುತ್ತವೆ. ನಾವು ಓದದೆ ಬಿಟ್ಟರೆ ಅವುಗಳ ಅರ್ಥವನ್ನು ಬೇರೆಯವರು ಹೇಳುತ್ತಲೇ ಇರುತ್ತಾರೆ.

'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಕೋಟದ ಬ್ರಾಹ್ಮಣ ಮನೆತನದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರಿಗೆ ಆಗ ಮೂವತ್ತೊಂದು. ಹೆಚ್ಚುಕಡಿಮೆ ಈಗಿನ ನನ್ನ ವಯಸ್ಸು. ಪುಣೆ ಒಪ್ಪಂದವಾಗಿ ಒಂದು ವರ್ಷ; ಗಾಂಧೀಜಿಯವರ ಹರಿಜನೋದ್ಧಾರದ ಮಾತು ದೇಶದ ತುಂಬ ಇದ್ದ ಕಾಲ. ಅದಕ್ಕೂ ಆರು ವರ್ಷ ಮುಂಚೆಯೇ, 1927ರಲ್ಲಿ, ಅಂಬೇಡ್ಕರ್ ಮಹಾಡದ ಕೆರೆಯ ನೀರು ಮುಟ್ಟಿದ್ದರು. ಕಾದಂಬರಿಯ ಒಳಗೆ ಗಾಂಧಿ ಗಾಳಿ ಬೀಸಿದಷ್ಟು ಮಹಾಡದ ನೀರಿನ ಸುಳಿವು ಇಲ್ಲ. ಚೋಮ ಕೇಳುತ್ತಾನೆ, ಬೇಡುತ್ತಾನೆ, ಕನಸುತ್ತಾನೆ. ಆದರೆ ಅವನಂಥವರು ನಾಲ್ಕು ಜನ ಕೂಡಿ ಕೇಳುವುದು ಕಾದಂಬರಿಯ ಕಲ್ಪನೆಗೇ ಬರುವುದಿಲ್ಲ. ದೇವನೂರರ 'ಒಡಲಾಳ'ವನ್ನು ಇದರ ಪಕ್ಕ ಇಟ್ಟರೆ ಎದ್ದು ಕಾಣುವ ವ್ಯತ್ಯಾಸ ಹಸಿವಿನದಲ್ಲ, ಎರಡು ಕಡೆಯೂ ಹಸಿವು ಒಂದೇ. ಸಾಕವ್ವನ ಮನೆಯಲ್ಲಿ ಕದ್ದು ತಂದ ಕಡಲೆಕಾಯಿ ತಿನ್ನುವ ರಾತ್ರಿಗೆ ನಗು ಇದೆ, ಜಗಳ ಇದೆ, ಪೋಲೀಸಿನವರನ್ನು ಎದುರುಗೊಳ್ಳುವ ಬೆರಕಿತನ ಇದೆ. ಚೋಮನ ಗುಡಿಸಲನ್ನು ಕಾರಂತರು ಬಹಳ ಹತ್ತಿರದಿಂದ ನೋಡಿದ್ದಾರೆ. ಆದರೆ ನಿಂತಿರುವುದು ಅಂಗಳದಲ್ಲಿ. ತುಳು ಮನೆಮಾತಿನ ಚೋಮ ಕಾದಂಬರಿಯಲ್ಲಿ ಬರಹಕ್ಕೆ ಹತ್ತಿರವಾದ ಕನ್ನಡ ಆಡುತ್ತಾನಲ್ಲ, ಆ ಅಂಗಳದಿಂದ ಕೇಳಿಸಿದ್ದು ಅಷ್ಟೇ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ನಮ್ಮ ವಿಮರ್ಶೆ ಎಷ್ಟೋ ಸಲ ಇಲ್ಲಿಗೇ ನಿಲ್ಲಿಸುತ್ತದೆ. 'ಅನುಕಂಪದ ಸಾಹಿತ್ಯ' ಎಂದು ಚೀಟಿ ಅಂಟಿಸಿದ ಮೇಲೆ ಒಳಗೆ ಏನಿದೆ ಎಂದು ನೋಡುವ ಗೋಜಿಗೆ ಹೋಗುವುದಿಲ್ಲ. ಆದರೆ ಒಬ್ಬ ಲೇಖಕನ ಅನುಕಂಪ ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದಾಚೆಗೂ ಅವನ ಕಣ್ಣು ಕಂಡದ್ದು ಬರಹದಲ್ಲಿ ಉಳಿದಿರುತ್ತದೆ. ನಾವು ಹುಡುಕಬೇಕಾದದ್ದು ಅದನ್ನು.

3

ಕಥೆ ಎಲ್ಲರಿಗೂ ಗೊತ್ತು. ಚೋಮ ಸಂಕಪ್ಪಯ್ಯನ ಆಳು. ಅವನ ಹತ್ತಿರ ಎರಡು ಎತ್ತುಗಳಿವೆ. ಸಾಯುವುದರೊಳಗೆ ತನ್ನದೇ ಆದ ಒಂದು ತುಂಡು ನೆಲದಲ್ಲಿ ಬೇಸಾಯ ಮಾಡಬೇಕು ಎಂಬುದು ಅವನ ಆಸೆ. ಹೊಲೆಯ ದುಡಿಯಬಹುದು, ಬೇಸಾಯಗಾರನಾಗುವಂತಿಲ್ಲ ಎಂಬುದು ಊರ ಕಟ್ಟು. ಧಣಿಯ ಹತ್ತಿರ ಗೇಣಿಗೆ ನೆಲ ಕೇಳುತ್ತಾನೆ. ಸಂಕಪ್ಪಯ್ಯನ ಮನಸ್ಸು ಒಂದಿಷ್ಟು ಒಲಿಯುತ್ತದೆ. ಆದರೆ ಅವನ ಮುದಿ ತಾಯಿ ಒಪ್ಪುವುದಿಲ್ಲ. ಹಿಂದಿನಿಂದ ಇಲ್ಲದ್ದನ್ನು ಮಾಡಬಾರದು ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ಶಾಲೆಯಲ್ಲಿ ಓದುವಾಗ ಈ ಭಾಗ ನನಗೆ ಏನೂ ಅನ್ನಿಸಿರಲಿಲ್ಲ. ಈ ಸಲ ಇಲ್ಲೇ ನಿಂತುಬಿಟ್ಟೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಕಾರಂತರು 'ಇಲ್ಲ' ಎಂಬ ಮಾತನ್ನು ಧಣಿಯ ಬಾಯಲ್ಲಿ ಇಡದೆ ಅವನ ತಾಯಿಯ ಬಾಯಲ್ಲಿ ಇಟ್ಟಿರುವುದು. ಇದರಿಂದ ಸಂಕಪ್ಪಯ್ಯ ಓದುಗರ ಮನಸ್ಸಿನಲ್ಲಿ ಒಳ್ಳೆಯವನಾಗಿಯೇ ಉಳಿಯುತ್ತಾನೆ. ಹೊಸ ಕಾಲದ ಸುಧಾರಕ ಗಂಡಸು, ಹಳೆ ಕಾಲದ ಮಡಿಹೆಂಗಸು, ನಡುವೆ ಸಿಕ್ಕಿಬಿದ್ದ ಹೊಲೆಯ ಎಂಬ ಚಿತ್ರ ನಿಲ್ಲುತ್ತದೆ. ಗದ್ದೆ ಇರುವುದು ಯಾರ ಕೈಯಲ್ಲಿ, ಚೋಮನ ಮನೆಯವರ ಬಿಟ್ಟಿದುಡಿಮೆಯಿಂದ ತುಂಬುವ ಕಣಜ ಯಾರದ್ದು ಎಂಬ ಪ್ರಶ್ನೆ ತಾಯಿಯ ಸೆರಗಿನ ಹಿಂದೆ ಸರಿದುಬಿಡುತ್ತದೆ. ಮೇಲ್ಜಾತಿಯ ಉದಾರವಾದ ತನ್ನ ಮನೆಯ ಗಂಡಸರನ್ನು ಕಾಪಾಡಿಕೊಳ್ಳುವ ರೀತಿ ಇದು ಎಂದು ನನಗೆ ಅನ್ನಿಸುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಚೋಮ ಕೇಳಿದ್ದು ನೆಲದ ಒಡೆತನವನ್ನಲ್ಲ, ಬರೀ ಗೇಣಿ. ಅಂದರೆ ಬೆಳೆದದ್ದರಲ್ಲಿ ಧಣಿಗೆ ಪಾಲು ಅಳೆದು ಮಿಕ್ಕಿದ್ದರಲ್ಲಿ ಬದುಕುವ ಹಕ್ಕು. ಅಷ್ಟನ್ನೂ ಕೊಡಲಿಲ್ಲ. ಈಗ ನಲವತ್ತೊಂದು ವರ್ಷ ಮುಂದಕ್ಕೆ ಬನ್ನಿ. 1974ರ ಮಾರ್ಚ್ 1ರಂದು ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸರ ಕಾಲ. 'ಉಳುವವನೇ ನೆಲದೊಡೆಯ' ಎಂಬ ಘೋಷಣೆ. ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಏಳನೇ ನಂಬರಿನ ಫಾರಂ ತುಂಬಿಕೊಟ್ಟ ಗೇಣಿದಾರರಿಗೆ ಭೂನ್ಯಾಯಮಂಡಳಿಗಳು ಒಡೆತನ ಕೊಟ್ಟವು. ಈ ಕಾಯ್ದೆ ಕರಾವಳಿಯ ಬದುಕನ್ನೇ ಬದಲಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಾಯ್ದೆಯ ಕಣ್ಣಿನಲ್ಲಿ 'ಉಳುವವನು' ಎಂದರೆ ಗೇಣಿದಾರ. ನೇಗಿಲ ಹಿಂದೆ ನಿಜವಾಗಿ ನಡೆದ ಮೂಲದಾಳು, ಜೀತದವನು, ಕೂಲಿಯವನು 'ಉಳುವವನು' ಅಲ್ಲ! ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಕಾರನಿಗೆ ಆ ಗುಡಿಸಲು ನಿಂತ ಜಾಗ ಸಿಕ್ಕೀತು, ಉತ್ತ ಗದ್ದೆ ಸಿಗಲಿಲ್ಲ.

ಅಂದರೆ 1933ರಲ್ಲಿ ಆ ಮುದುಕಿ 'ಬೇಡ' ಎಂದದ್ದು ಒಬ್ಬ ಚೋಮನಿಗೆ ಮಾತ್ರ ಅಲ್ಲ. ಅವನಿಗೆ ಗೇಣಿ ಸಿಕ್ಕಿದ್ದರೆ ಅವನ ಮೊಮ್ಮಕ್ಕಳು 1974ರಲ್ಲಿ ಫಾರಂ ತುಂಬುತ್ತಿದ್ದರು. ಸಿಗದೇ ಹೋದದ್ದರಿಂದ ಅವರು ಕೂಲಿಯವರಾಗಿಯೇ ಉಳಿದರು. ಜಾತಿಯ ಕಾರಣಕ್ಕೆ ಮುಚ್ಚಿದ ಬಾಗಿಲನ್ನು ಜಾತಿಯ ಹೆಸರನ್ನೇ ಎತ್ತದ ಒಂದು ಒಳ್ಳೆಯ ಕಾನೂನು ಮತ್ತೊಮ್ಮೆ ಮುಚ್ಚಿತು. ನಾವು ಇದನ್ನು 'ಅಸ್ಪೃಶ್ಯತೆಯ ಸಮಸ್ಯೆಯ ಕಾದಂಬರಿ' ಎಂದು ಓದುತ್ತ ಬಂದೆವು. ಇದು ಗೇಣಿಯ ಕಾದಂಬರಿ. ಯಾರನ್ನು ರೈತ ಎಂದು ಕರೆಯಬೇಕು, ಯಾರನ್ನು ಕರೆಯಬಾರದು ಎಂಬುದರ ಕಾದಂಬರಿ. ಅದೇ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಮೀಸಲಿಟ್ಟ 'ಡಿ.ಸಿ. ಮನ್ನಾ' ಭೂಮಿಯನ್ನು ಹಂಚಿ ಎಂದು ನಮ್ಮ ಜನ ಈ ಶತಮಾನದಲ್ಲೂ ಧರಣಿ ಕೂತಿದ್ದಾರೆ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ದುಡ್ಡಿದ್ದವರು ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ಹಾಗೆ ನೋಡಿದರೆ ಇವತ್ತು ಚೋಮನಿಗೆ ಯಾವ ಮುದುಕಿಯ ಅಪ್ಪಣೆಯೂ ಬೇಕಿಲ್ಲ. ದುಡ್ಡು ಮಾತ್ರ ಬೇಕು.

4

ದುಡ್ಡಿನ ಮಾತು ಬಂತಲ್ಲ, ಚೋಮನ ಸಾಲಕ್ಕೆ ಬರೋಣ. ನಾನು ಹೇಳಲೇಬೇಕಾದ ಮಾತು ಇರುವುದು ಇಲ್ಲಿ.

ಪಾಠದ ತಯಾರಿಗೆ ಅಂತ ಒಂದು ರಾತ್ರಿ ಮನೆಯಲ್ಲಿ ಜೋರಾಗಿ ಓದಿಕೊಳ್ಳುತ್ತಿದ್ದೆ. ನಮ್ಮವ್ವ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂತಿದ್ದಳು. ನಮ್ಮ ತುಮಕೂರು ಸೀಮೆಯಲ್ಲಿ ಬೇಸಿಗೆ ಬಂದರೆ ಹೆಂಗಸರಿಗೆ ಇದೇ ಕೆಲಸ. ಮಂಡಿಯವರು ಹಣ್ಣು ತಂದು ಸುರಿಯುತ್ತಾರೆ, ಕೇಜಿ ಲೆಕ್ಕಕ್ಕೆ ಕಾಸು. ಅವ್ವ ಓದಿದವಳಲ್ಲ. ಕಥೆ ಕೇಳುತ್ತ ಕೇಳುತ್ತ ನಡುನಡುವೆ "ಹೂಂ" ಅನ್ನುತ್ತಿದ್ದಳು. ನಾನು ಅವಳಿಗೆ ಅರ್ಥವಾಗಲಿ ಅಂತ ಮುಂದಿನದನ್ನು ಬಾಯಲ್ಲೇ ಹೇಳಿದೆ. ಚೋಮನಿಗೆ ಕಾಫಿತೋಟದ ಧಣಿಯ ಸಾಲ ಇರುತ್ತೆ. ತೀರಿಸೋಕೆ ಅಂತ ದೊಡ್ಡ ಗಂಡುಮಕ್ಕಳು ಚನಿಯ, ಗುರುವ ಘಟ್ಟದ ತೋಟಕ್ಕೆ ಹೋಗ್ತಾರೆ. ಚನಿಯ ಕಾಯಿಲೆ ಬಿದ್ದು ಸಾಯ್ತಾನೆ. ಗುರುವ ಕಿರಿಸ್ತಾನರ ಹುಡುಗಿಯನ್ನು ಕಟ್ಟಿಕೊಂಡು ಆ ಕಡೆ ಸೇರಿಬಿಡ್ತಾನೆ. ಸಾಲ ಹಾಗೇ ಉಳಿಯುತ್ತೆ. ಆಮೇಲೆ ಮಗಳು ಬೆಳ್ಳಿ ತಮ್ಮ ನೀಲನ್ನ ಕರ್ಕೊಂಡು ಹೋಗ್ತಾಳೆ. ತೋಟದ ರೈಟರು ಮನ್ವೇಲ ಅವಳನ್ನ ಒಲಿಸ್ಕೋತಾನೆ. ತೋಟದ ಧಣಿ ಅವಳ ಮೈ ಬಳಸಿಕೊಂಡು ಸಾಲದ ಲೆಕ್ಕ ಮುಗಿಸ್ತಾನೆ. ಬೆಳ್ಳಿ ಬಂದು ಅಪ್ಪನಿಗೆ ಸಾಲ ತೀರ್ತು ಅಂತಾಳೆ. ಕೊನೆಗೆ ಅವಳೂ ಮನ್ವೇಲನೂ ಒಟ್ಟಿಗಿರೋದನ್ನ ಅಪ್ಪ ನೋಡಿ, ಹೊಡೆದು ಮನೆಯಿಂದ ಆಚೆ ಹಾಕ್ತಾನೆ.

ಅವ್ವ ಕೈ ನಿಲ್ಲಿಸಿದಳು. "ತಡಿ ತಡಿ. ಸಾಲ ತೀರ್ಸಿದ್ದು ಯಾರು?"

"ಬೆಳ್ಳಿ."

"ಆಚೆ ಹಾಕಿದ್ದು ಯಾರ್ನ?"

"ಬೆಳ್ಳೀನ."

"ಹಂಗಾರೆ ಆ ಅಪ್ಪಂದು ಇನ್ನೂ ಸಾಲ ಐತಲ್ಲ ಕಣೆ, ಮಗಳ ತಾವ" ಅಂದು ಮತ್ತೆ ಕುಟ್ಟತೊಡಗಿದಳು.

ಕನ್ನಡ ವಿಮರ್ಶೆಯಲ್ಲಿ ನಾನು ಓದಿರುವಷ್ಟರಲ್ಲಿ ಈ ಲೆಕ್ಕವನ್ನು ಇಷ್ಟು ನೇರವಾಗಿ ಯಾರೂ ಹಾಕಿದ್ದು ಕಂಡಿಲ್ಲ. ಅವ್ವನಿಗೆ ಅದು ಹೊಳೆದದ್ದಕ್ಕೆ ಕಾರಣ ಇದೆ. ನಮ್ಮ ಕೇರಿಯಲ್ಲಿ ಸಾಲ ಹೆಂಗಸರ ಹೆಸರಿನಲ್ಲಿರುತ್ತದೆ. ಸಂಘದ ಸಾಲ, ಫೈನಾನ್ಸಿನ ಸಾಲ, ವಾರದ ಕಂತು, ಎಲ್ಲಕ್ಕೂ ಅವರ ಫೋಟೊ, ಅವರ ಹೆಬ್ಬೆಟ್ಟು. ಕಂತು ತಪ್ಪಿದರೆ ವಸೂಲಿಯವರು ಬಂದು ಬಾಗಿಲಲ್ಲಿ ಕೂರುವುದೂ ಅವರಿಗಾಗಿಯೇ. 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲದವರ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತಲ್ಲ, ಅದರ ಹಿಂದೆ ಇದ್ದದ್ದು ಇಂಥ ಬಾಗಿಲುಗಳು. ಬಳಸಿದ್ದು ಮನೆಯೆಲ್ಲ, ತೀರಿಸುವುದು ಒಬ್ಬಳು ಎಂಬುದು ಅವ್ವನಿಗೆ ಕಥೆಯಲ್ಲ.

ಈ ಬೆಳಕಿನಲ್ಲಿ ಮತ್ತೆ ಓದಿದರೆ ಕಾದಂಬರಿಯ ಕಟ್ಟಡವೇ ಬೇರೆಯಾಗಿ ಕಾಣುತ್ತದೆ. ಚೋಮನ ಹಣೆಬರಹವನ್ನು ನಿರ್ಧರಿಸುವವರು ಇಬ್ಬರು ಹೆಂಗಸರು. ಒಬ್ಬಳು ಧಣಿಯ ಮನೆಯ ಮುದುಕಿ. ಅವಳು ಮನೆ ಬಿಟ್ಟು ಕದಲಬೇಕಿಲ್ಲ, ಒಂದು ಮಾತು ಆಡಿದರೆ ಸಾಕು, ನೆಲ ಇಲ್ಲವಾಗುತ್ತದೆ. ಇನ್ನೊಬ್ಬಳು ಹೊಲೆಯರ ಹುಡುಗಿ. ಅವಳು ಘಟ್ಟ ಹತ್ತಿ ಹೋಗಿ, ದುಡಿದು, ಮೈಯನ್ನೇ ತೆತ್ತು ಸಾಲ ತೀರಿಸಿ ಬರುತ್ತಾಳೆ. ಆದರೆ ಹೇಗೆ ತೀರಿಸಿದೆ ಎಂದು ಒಂದು ಮಾತು ಆಡುವ ಹಾಗಿಲ್ಲ. ಒಬ್ಬಳ ಮಾತಿಗೇ ಭೂಮಿಯ ಬೆಲೆ. ಇನ್ನೊಬ್ಬಳ ಮೈಗೆ ಸಾಲದ ಬೆಲೆ, ಮಾತಿಗೆ ಯಾವ ಬೆಲೆಯೂ ಇಲ್ಲ. ಜಾತಿ ಮತ್ತು ಹೆಣ್ಣುತನ ಎರಡೂ ಸೇರಿ ಕೆಲಸ ಮಾಡುವ ಬಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಜೋಡಿಯನ್ನು ಕನ್ನಡ ಕಾದಂಬರಿಯಲ್ಲಿ ನಾನು ಕಂಡಿಲ್ಲ. ಹೆಂಗಸರೆಲ್ಲ ಒಂದೇ ಎಂದು ಹೇಳುವ ಸ್ತ್ರೀವಾದಕ್ಕೂ, ದಲಿತರೆಲ್ಲ ಒಂದೇ ಎಂದು ಹೇಳುವ ನಮ್ಮ ಭಾಷಣಗಳಿಗೂ ಈ ಜೋಡಿ ತೊಡಕೇ.

ಕಾರಂತರು ಇದನ್ನು ಬೇಕೆಂದೇ ಹೀಗೆ ಜೋಡಿಸಿದರೇ? ನನಗೆ ಹಾಗೆ ತೋರುವುದಿಲ್ಲ. ಅವರ ಮನಸ್ಸೆಲ್ಲ ಚೋಮನ ಮೇಲಿದೆ. ಆದರೆ ಒಂದು ಮಾತು ಹೇಳಬೇಕು. ಬೆಳ್ಳಿಯ ವಿಷಯದಲ್ಲಿ ನಿರೂಪಕ ತೀರ್ಪು ಕೊಡುವ ಆತುರ ತೋರುವುದಿಲ್ಲ. ಗೇಯುವುದು ಬಿಟ್ಟು ಬೇರೇನೂ ಕಾಣದ ಹುಡುಗಿಗೆ ಒಬ್ಬ ಗಂಡಸು ಮೆಲ್ಲಗೆ ಮಾತಾಡಿಸಿದಾಗ ಆಗುವ ಸುಖವನ್ನು ಅವರು ಅರಿತಿದ್ದಾರೆ. 'ದಾರಿ ತಪ್ಪಿದಳು' ಎಂಬ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದದ್ದು ಕಾದಂಬರಿಯಲ್ಲ, ಕಾದಂಬರಿಯನ್ನು ಪಾಠ ಮಾಡಿದ ನಮ್ಮ ಶಾಲೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ದ್ವೇಷಿಸಿದ್ದು ಆ ಪ್ರಶ್ನೆಯನ್ನು. ಬೈದದ್ದು ಪುಸ್ತಕವನ್ನು.

5

ಇನ್ನು ದುಡಿಯ ವಿಷಯ. ನಮ್ಮ ತಾತ ತಮಟೆ ಹೊಡೆಯುತ್ತಿದ್ದ. ಮಾರಿಹಬ್ಬಕ್ಕೆ, ಗೌಡರ ಮನೆಯ ಸಾವಿಗೆ, ಪಂಚಾಯಿತಿಯ ಸಾರುವಿಕೆಗೆ, ಹೇಳಿಕಳಿಸಿದ ಕಡೆಗೆಲ್ಲ ಹೋಗಿ ಹೊಡೆಯಬೇಕು. ಅದಕ್ಕೇ ಶಾಲೆಯಲ್ಲಿ 'ದುಡಿ' ಎಂಬ ಹೆಸರು ಕೇಳಿದರೆ ನನಗೆ ನಾಚಿಕೆಯಾಗುತ್ತಿತ್ತು. ದುಡಿಯೂ ತಮಟೆಯೂ ಒಂದೇ ಎಂದುಕೊಂಡಿದ್ದೆ.

ಈಗ ನೋಡಿದರೆ ಎರಡರ ನಡುವೆ ಬಹಳ ಅಂತರ. ಚೋಮನ ದುಡಿಯ ಜೀವ ಇರುವುದು ಯಾರೋ ಹೇಳಿಕಳಿಸಿದ ಕರೆಯಲ್ಲಿ ಅಲ್ಲ. ಕತ್ತಲಾದ ಮೇಲೆ, ಗೇಯ್ದು ಬಂದ ಮೇಲೆ, ತನ್ನ ಗುಡಿಸಲಿನಲ್ಲಿ, ತನ್ನ ಮಕ್ಕಳ ನಡುವೆ, ತನಗೆ ಸಿಟ್ಟು ಬಂದಾಗ, ದುಃಖವಾದಾಗ, ಸಂತೋಷವಾದಾಗ ಅವನು ಅದನ್ನು ಬಾರಿಸುತ್ತಾನೆ. ಅವನ ಹಗಲಿನ ದುಡಿಮೆಯೆಲ್ಲ ಬೇರೆಯವರದು. ಈ ಒಂದು ಬಡಿತ ಮಾತ್ರ ಅವನದು. ವಿಮರ್ಶಕರು ಇದನ್ನು 'ದುಃಖದ ದನಿ' ಎಂದಿದ್ದಾರೆ. ನನಗೆ ಅದಕ್ಕಿಂತ ಬೇರೆ ಕೇಳಿಸುತ್ತದೆ. ತನ್ನ ನೆಲದಲ್ಲಿ ತಾನು ಉಳಬೇಕು ಎಂಬ ಆಸೆಗೂ, ತನ್ನ ದುಡಿಯನ್ನು ತಾನು ಬಾರಿಸುವುದಕ್ಕೂ ಮೂಲ ಒಂದೇ. ಇನ್ನೊಬ್ಬರ ಅಪ್ಪಣೆಯಿಲ್ಲದ ಕೆಲಸ ಅದು. ಕನ್ನಡದಲ್ಲಿ 'ದುಡಿ' ಎಂಬ ಶಬ್ದ ವಾದ್ಯವೂ ಹೌದು, ಗೇಯುವುದೂ ಹೌದು.

ಮತಾಂತರದ ಭಾಗವನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಕ್ರೈಸ್ತನಾದರೆ ನೆಲ ಸಿಕ್ಕೀತು ಎಂದು ಹೊರಟ ಚೋಮ ತನ್ನ ದೈವ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುತ್ತಾನೆ. 1935ರಲ್ಲಿ ಅಂಬೇಡ್ಕರ್ ಯೇವಲದಲ್ಲಿ, ತಾನು ಹಿಂದುವಾಗಿ ಸಾಯುವುದಿಲ್ಲ ಎಂದು ಹೇಳುವುದಕ್ಕೆ ಇನ್ನೂ ಎರಡು ವರ್ಷ ಇತ್ತು. ಚೋಮ ಹಿಂದಿರುಗಿದ್ದನ್ನು ಕೆಲವರು ಸಂಸ್ಕೃತಿಯ ಬೇರಿನ ಗೆಲುವು ಎನ್ನುತ್ತಾರೆ. ಹಾಗೆ ಸಂತೋಷಪಡುವವರು, ಪಂಜುರ್ಲಿ ಬಿಡಲಿಲ್ಲ ಸರಿ, ಊರು ಅವನನ್ನು ಹಿಡಿದುಕೊಂಡಿತೇ ಎಂದು ಕೇಳಿಕೊಳ್ಳಬೇಕು. ಮುಟ್ಟಬಾರದು ಎಂಬ ಕಾರಣಕ್ಕೆ ದಡದಲ್ಲಿದ್ದವರು ನೀರಿಗಿಳಿಯದೆ ನೀಲ ಮುಳುಗಿ ಸತ್ತದ್ದು ಅದೇ ಊರಿನಲ್ಲಿ. ಈ ಕಾದಂಬರಿಯಲ್ಲಿ ಊರು ಬಿಟ್ಟ ಗುರುವ ಬದುಕುತ್ತಾನೆ. ಕಾರಂತರು ಅದನ್ನು ಗೆಲುವು ಎಂದು ಬರೆದಿಲ್ಲ. ಆದರೆ ಬರೆದಿದ್ದಾರೆ.

6

ಹಿಂದಿರುಗಿ ಬಂದ ಚೋಮ ಬೆಳ್ಳಿಯನ್ನು ಮನ್ವೇಲನ ಜೊತೆ ಕಾಣುತ್ತಾನೆ. ಅವಳನ್ನು ಹೊರಗೆ ಅಟ್ಟುತ್ತಾನೆ, ಎತ್ತುಗಳನ್ನು ಕಾಡಿಗೆ ಓಡಿಸುತ್ತಾನೆ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದಾಗ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂದದ್ದೂ ಅದೇ ವರ್ಷ. ಆಮೇಲೆ ಬಂದ ದಲಿತ ಚಳವಳಿಯ ತಲೆಮಾರು ಚೋಮನನ್ನು ತನ್ನವನು ಮಾಡಿಕೊಂಡಿತು. ಭೂಹೋರಾಟದ ಭಾಷಣಗಳಲ್ಲಿ ಚೋಮನ ಹೆಸರು ನಾನೇ ಎಷ್ಟೋ ಸಲ ಕೇಳಿದ್ದೇನೆ. ಬೆಳ್ಳಿಯ ಹೆಸರು ಕೇಳಿಲ್ಲ.

ಈ ವಿಶೇಷ ಸಂಚಿಕೆಯಲ್ಲಿ ನಾನು ಎತ್ತಬೇಕೆಂದಿರುವ ತಕರಾರು ಇದು. ಮೇಲ್ಜಾತಿಯ ವಿಮರ್ಶೆ ಚೋಮನನ್ನು ಅನುಕಂಪಕ್ಕೆ ಪಾತ್ರನನ್ನಾಗಿ ಓದಿತು. ನಮ್ಮ ವಿಮರ್ಶೆ ಅವನನ್ನು ಪ್ರತಿರೋಧದ ನಾಯಕನನ್ನಾಗಿ ಓದಿತು. ಇಬ್ಬರೂ ಬೆಳ್ಳಿಯನ್ನು ಬಾಗಿಲಾಚೆಗೇ ಬಿಟ್ಟರು. ಚೋಮ ಅವಳನ್ನು ಒಂದು ರಾತ್ರಿ ಹೊರಗೆ ಹಾಕಿದ. ಓದುಗರು ಒಂಬತ್ತು ದಶಕದಿಂದ ಹೊರಗಿಟ್ಟಿದ್ದಾರೆ. ದಲಿತ ಹೆಂಗಸರು ಬೇರೆ ದನಿಯಲ್ಲಿ ಮಾತಾಡುತ್ತಾರೆ ಎಂದು ಗೋಪಾಲ್ ಗುರು 1995ರಲ್ಲಿ ಬರೆದಾಗ ಅದು ದೊಡ್ಡ ಚರ್ಚೆಯಾಯಿತು. ಮಾತಾಡುವುದಿರಲಿ, ಬೆಳ್ಳಿ ಮಾಡಿದ ಕೆಲಸವನ್ನೇ ನಾವು ಲೆಕ್ಕಕ್ಕೆ ಹಿಡಿದಿಲ್ಲ. ಚೋಮನ ಸಿಟ್ಟು ಹೋಗಿ ತಗುಲಬೇಕಾಗಿದ್ದದ್ದು ತೋಟದ ಧಣಿಗೆ, ಸಂಕಪ್ಪಯ್ಯನ ಮನೆಗೆ, ನೀಲನನ್ನು ಮುಳುಗಲು ಬಿಟ್ಟ ದಡಕ್ಕೆ. ಅಲ್ಲಿಗೆಲ್ಲ ತಲುಪಲಾಗದೆ ಕೈಗೆ ಎಟುಕಿದ ಮಗಳ ಮೇಲೆ ಬಿತ್ತು. ಇದನ್ನು ಹೇಳಿದರೆ ಚೋಮನನ್ನು ಸಣ್ಣವನನ್ನಾಗಿ ಮಾಡಿದಂತೆ ಎಂದು ಗೆಳೆಯರು ಅನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಊರು ಅವನ ಕೈಗೆ ಉಳಿಸಿದ್ದ ಯಜಮಾನಿಕೆ ಅದೊಂದೇ ಆಗಿತ್ತು, ಅದನ್ನು ಅವನು ಬಳಸಿದ. ನಮ್ಮ ಕೇರಿಗಳಲ್ಲಿ ಇವತ್ತೂ ಬಳಸುತ್ತಿದ್ದಾರೆ. ಅದನ್ನು ನಾವೇ ಹೇಳದೆ ಹೋದರೆ ಬೇರೆಯವರು ನಮ್ಮನ್ನು ಹೀಯಾಳಿಸುವುದಕ್ಕಾಗಿ ಹೇಳುತ್ತಾರೆ.

ಕಾಲೇಜಿನಲ್ಲಿ ಪಾಠ ಮುಗಿಸಿದ ದಿನ ನಾನೂ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: 'ಚೋಮನ ಸಾಲವನ್ನು ತೀರಿಸಿದವರು ಯಾರು? ತೀರಿಸಿದವರಿಗೆ ಏನು ಸಿಕ್ಕಿತು?' ಯಾರನ್ನೂ ನಿಲ್ಲಿಸಿ ಓದಿಸಲಿಲ್ಲ. ಬರೆದು ತನ್ನಿ ಅಂದೆ. ಬಹಳಷ್ಟು ಜನ ಗೈಡಿನಲ್ಲಿದ್ದ ಪಾತ್ರಚಿತ್ರಣವನ್ನೇ ಬರೆದು ತಂದರು. ಕೊನೆಯ ಬೆಂಚಿನ ಒಬ್ಬ ಹುಡುಗಿ ಉತ್ತರ ಬರೆದಿರಲಿಲ್ಲ. ಹಾಳೆಯ ಕೆಳಗೆ ಒಂದು ಸಾಲು ಮಾತ್ರ ಇತ್ತು: 'ಮೇಡಂ, ಸಾಲ ಹೇಗೆ ತೀರಿತು ಅಂತ ಬೆಳ್ಳಿ ಹೇಳಿದ್ದರೆ ಚೋಮ ಅವಳನ್ನು ಒಳಗೆ ಇಟ್ಟುಕೊಳ್ಳುತ್ತಿದ್ದನಾ?'

ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅವಳ ಹಾಳೆಯ ಮೇಲೆ ಅಂಕ ಹಾಕದೆ ಹಾಗೇ ಇಟ್ಟುಕೊಂಡಿದ್ದೇನೆ. ಭೂಮಿಯ ಪ್ರಶ್ನೆ ಎತ್ತುವ ನಮ್ಮ ಸಭೆಗಳಲ್ಲಿ, ನಮ್ಮ ಪತ್ರಿಕೆಗಳಲ್ಲಿ ಈ ಪ್ರಶ್ನೆಯೂ ಬರಲಿ ಅಂತ ಇಲ್ಲಿ ಬರೆದಿದ್ದೇನೆ.